ಕಡಿಮೆ ಖರ್ಚಲ್ಲಿ ಹಾಲ್ ಚೆಂದ ಮಾಡಬೇಕು, ಮೊದಲು ಯಾವುದಕ್ಕೆ ಕೈ ಹಾಕಲಿ?

ಖಾಲಿಗೋಡೆ:
ಬಾಡಿಗೆ ಮನೆ. ಹಾಲ್ ಉದ್ದಕ್ಕಿದೆ, ಒಂದೇ ಕಿಟಕಿ, ಸೀಲಿಂಗ್ ನಡುವೆ ಒಂದು ಬಿಳಿ ಲೈಟ್. ಗೋಡೆ ಮಾಸಿದ ಬಿಳಿ. ಒಂದು ಕಡೆ ಗೋಡೆಯ ಕೆಳಭಾಗದಲ್ಲಿ ಬಣ್ಣ ಉಬ್ಬಿ ಪುಡಿಪುಡಿಯಾಗಿ ಉದುರುತ್ತದೆ. ಸೋಫಾ ಇದೆ, ಹಳೆ ಮರದ ಮೇಜು ಇದೆ, ಲ್ಯಾಮಿನೇಟ್ ಅಂಟಿಸಿದ ಪುಸ್ತಕದ ಕಪಾಟಿದೆ. ಇವನ್ನು ಬಿಸಾಕಿ ಹೊಸದು ತರುವ ಮಾತೇ ಇಲ್ಲ. ದುಡ್ಡು ಕಡಿಮೆ, ರಜೆ ದಿನ ಮಾತ್ರ ಬಿಡುವು. ವಿಡಿಯೋ ನೋಡಿದರೆ ಎಲ್ಲರೂ ಬಾಟಲಿಗೆ ಹಗ್ಗ ಸುತ್ತುತ್ತಾ ಕೂತಿದ್ದಾರೆ, ಅದರಿಂದ ಹಾಲ್ ಹೇಗೆ ಬದಲಾಗುತ್ತದೋ ನನಗಂತೂ ತಿಳಿಯಲಿಲ್ಲ. ಕೈಯಾರೆ ಮಾಡಿದವರು ಹೇಳಿ. ಯಾವುದು ಮೊದಲು, ಯಾವುದು ದಂಡ?

ಕಡ್ಡಿಮುರಿ:
ಬಾಟಲಿಗೆ ಹಗ್ಗ ಸುತ್ತಿದರೆ ಹಗ್ಗ ಸುತ್ತಿದ ಬಾಟಲಿ ಸಿಗುತ್ತದೆ. ಅಷ್ಟೇ. ಕೋಣೆಗೆ ಕಾಲಿಟ್ಟಾಗ ಕಣ್ಣಿಗೆ ಬೀಳುವುದು ದೊಡ್ಡದು: ಗೋಡೆ, ಪರದೆ, ನೆಲ, ಬೆಳಕು. ಅವು ಹಾಗೇ ಇದ್ದು ಶೋಕೇಸಿನಲ್ಲಿ ಹತ್ತು ಸಾಮಾನು ಜಾಸ್ತಿಯಾದರೆ ಧೂಳು ಒರೆಸುವ ಕೆಲಸ ಜಾಸ್ತಿಯಾಗುತ್ತದೆ, ಚೆಂದ ಜಾಸ್ತಿಯಾಗುವುದಿಲ್ಲ. ದುಡ್ಡು ಸೋರಿ ಹೋಗುವುದೂ ಇಂಥ ಚಿಲ್ಲರೆ ಸಾಮಾನಿನಲ್ಲೇ. ಒಂದೊಂದೂ ಅಗ್ಗ, ಅದಕ್ಕೇ ಲೆಕ್ಕಕ್ಕೆ ಸಿಗುವುದಿಲ್ಲ.

ಮೊದಲ ಕೆಲಸಕ್ಕೆ ದುಡ್ಡೇ ಬೇಡ. ಕೈಯಲ್ಲಿ ಎತ್ತಬಹುದಾದ ಎಲ್ಲವನ್ನೂ ಬೇರೆ ರೂಮಿಗೆ ಸಾಗಿಸಿ, ಒಂದು ರಾತ್ರಿ ಹಾಲ್ ಖಾಲಿ ಇರಲಿ, ಆಮೇಲೆ ಒಂದೊಂದೇ ವಾಪಸ್ ತನ್ನಿ. ಯಾವುದನ್ನು ತರಲು ಮನಸ್ಸಾಗುವುದಿಲ್ಲವೋ ಅದು ಹಾಲ್‌ಗೆ ಬೇಡದ್ದು. ಉದ್ದನೆಯ ಹಾಲ್ ಅಂದಿರಿ, ಎಲ್ಲವನ್ನೂ ಗೋಡೆಗೆ ಒತ್ತಿ ಸಾಲಾಗಿ ಇಟ್ಟಿರುತ್ತೀರಿ ಅಲ್ವಾ? ಸೋಫಾವನ್ನು ಅಡ್ಡಕ್ಕೆ ತಿರುಗಿಸಿ ಹಾಲನ್ನು ಎರಡು ಪಾಲು ಮಾಡಿ ನೋಡಿ. ಈ ಕಡೆ ಕೂರುವ ಜಾಗ, ಆ ಕಡೆ ಓದುವ ಜಾಗ. ಓಣಿಯ ಥರ ಕಾಣುವುದು ತಪ್ಪುತ್ತದೆ.

ಬಣ್ಣದಡಬ್ಬಿ:
ಕಡ್ಡಿಮುರಿಯವರ ಮಾತು ಒರಟು, ಆದರೆ ನಿಜ. ನಾನು ಗೋಡೆಯ ವಿಷಯ ಮಾತ್ರ ಹೇಳುತ್ತೇನೆ.

ಆ ಉಬ್ಬಿದ ಗೋಡೆಗೆ ಈಗಲೇ ಬಣ್ಣ ಹೊಡೆಯಬೇಡಿ. ಉದುರುವ ಬಿಳಿ ಪುಡಿ ಬಹುಮಟ್ಟಿಗೆ ಉಪ್ಪು. ಗೋಡೆಯೊಳಗಿನ ನೀರು ಹೊರಗೆ ಬಂದು ಆರುವಾಗ ಗಾರೆ, ಇಟ್ಟಿಗೆಯಲ್ಲಿರುವ ಲವಣವನ್ನೂ ತಂದು ಮೇಲೆ ಬಿಡುತ್ತದೆ, ಅದೇ ಬಣ್ಣವನ್ನು ಒಳಗಿಂದ ತಳ್ಳುವುದು. ಮೇಲೆ ಎಂಥ ದುಬಾರಿ ಬಣ್ಣ ಬಳಿದರೂ ಮತ್ತೆ ಉಬ್ಬುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ಸುಲಭದ ದಾರಿ ಇದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಒಂದು ಮೊಳ ಅಗಲ ಕತ್ತರಿಸಿ ಆ ಜಾಗಕ್ಕೆ ಇಟ್ಟು, ಗಾಳಿಯಾಡದ ಹಾಗೆ ನಾಲ್ಕೂ ಅಂಚಿಗೆ ಟೇಪ್ ಹಾಕಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ, ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ನಿಮ್ಮ ಕಡೆಗಿರುವ ಮುಖ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟು ಗಾಳಿ ಆಡಿಸಿದರೆ ಕಡಿಮೆಯಾಗುತ್ತದೆ. ಮೊದಲನೆಯದಾದರೆ ಮನೆ ಮಾಲೀಕರಿಗೆ ಫೋಟೋ ಸಮೇತ ಬರೆದು ಕಳಿಸಿ, ಪೈಪೋ ಹೊರಗೋಡೆಯ ಬಿರುಕೋ ಅವರೇ ಸರಿಮಾಡಿಸಬೇಕು. ಅಲ್ಲಿವರೆಗೆ ಒಣ ಬ್ರಷ್‌ನಲ್ಲಿ ಪುಡಿ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಆ ಗೋಡೆಗೆ ಕಪಾಟು ಒತ್ತಿ ಇಡಬೇಡಿ, ಹಿಂದೆ ನಾಲ್ಕು ಬೆರಳು ಜಾಗ ಬಿಡಿ.

ಖಾಲಿಗೋಡೆ:
ಹಾಳೆಯ ಉಪಾಯ ಇವತ್ತೇ ಮಾಡುತ್ತೇನೆ. ಮಿಕ್ಕ ಗೋಡೆಗಳಿಗೆ ಬಣ್ಣ ಹೊಡೆಯಲು ಮಾಲೀಕರು ಒಪ್ಪಿದ್ದಾರೆ, ಖರ್ಚು ನನ್ನದೇ. ಎಲ್ಲಾ ಗೋಡೆಗೂ ಹೊಡೆಯಬೇಕಾ, ಒಂದಕ್ಕೆ ಸಾಕಾ? ಎಷ್ಟು ಲೀಟರ್ ಬೇಕು?

ಬಣ್ಣದಡಬ್ಬಿ:
ಒಂದೇ ಸಾಕು. ಉದ್ದ ಹಾಲ್ ಆದರೆ ತುದಿಯ ಚಿಕ್ಕ ಗೋಡೆಗೆ ಗಾಢ ಬಣ್ಣ ಹೊಡೆಯಿರಿ. ಅದು ಹತ್ತಿರ ಬಂದ ಹಾಗೆ ಕಾಣುತ್ತದೆ, ಹಾಲ್‌ನ ಉದ್ದ ಕಡಿಮೆ ಅನ್ನಿಸುತ್ತದೆ. ಉದ್ದದ ಗೋಡೆಗಳು ತಿಳಿ ಬಣ್ಣದಲ್ಲೇ ಇರಲಿ.

ಲೆಕ್ಕ ಹೀಗೆ. ನೀರಿನ ಎಮಲ್ಷನ್ ಬಣ್ಣ ನಯವಾದ ಗೋಡೆಯ ಮೇಲೆ ಒಂದು ಲೀಟರ್‌ಗೆ ಒಂದು ಕೋಟ್ ಸುಮಾರು 10 ಚದರ ಮೀಟರ್ ಬರುತ್ತದೆ. ಗೋಡೆ 4 ಮೀಟರ್ ಅಗಲ, 3 ಮೀಟರ್ ಎತ್ತರ ಅಂದುಕೊಳ್ಳಿ. 12 ಚದರ ಮೀಟರ್ ಆಯ್ತು, ಎರಡು ಕೋಟ್‌ಗೆ 24. ಅಂದರೆ ಎರಡೂವರೆ ಲೀಟರ್. ತರಿ ಇರುವ ಗೋಡೆ ಜಾಸ್ತಿ ಕುಡಿಯುತ್ತದೆ. ಡಬ್ಬಿಯ ಮೇಲೆ ಎಷ್ಟು ಬರುತ್ತದೆ ಅಂತ ಬರೆದಿರುತ್ತಾರೆ, ಅದನ್ನು ಓದಿ ಕೊಳ್ಳಿ.

ಬಣ್ಣ ಆರಿಸುವಾಗ ಅಂಗಡಿಯ ಚಿಕ್ಕ ಚೀಟಿ ನೋಡಿ ತೀರ್ಮಾನ ಮಾಡಬೇಡಿ. ಸ್ಯಾಂಪಲ್ ಡಬ್ಬಿ ತಂದು ದೊಡ್ಡ ರಟ್ಟಿನ ಮೇಲೆ ಎರಡು ಕೋಟ್ ಹೊಡೆದು, ಆ ರಟ್ಟನ್ನು ಗೋಡೆಗೆ ಒರಗಿಸಿ ಬೆಳಗ್ಗೆ ನೋಡಿ, ಸಂಜೆ ನೋಡಿ, ಲೈಟ್ ಹಾಕಿ ನೋಡಿ. ಕಿಟಕಿ ಪಕ್ಕ ಹಸಿರಾಗಿ ಕಂಡಿದ್ದು ಮೂಲೆಯಲ್ಲಿ ಬೂದಿ ಬಣ್ಣವಾಗಿ ಕಾಣಬಹುದು. ಗೋಡೆಗೇ ನೇರ ಸ್ಯಾಂಪಲ್ ಹೊಡೆದರೆ ಸುತ್ತಲಿನ ಹಳೆ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ.

ಇನ್ನು ಹೊಡೆಯುವ ಕೆಲಸ. ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಗಬೇಕಾದದ್ದು ಡಬ್ಬಿ ತೆರೆಯುವ ಮೊದಲೇ. ಗೋಡೆ ಒರೆಸಿ. ಮೊಳೆ ತೂತಿಗೆ ಪುಟ್ಟಿ ತುಂಬಿ, ಆರಿದ ಮೇಲೆ 120 ನಂಬರಿನ ಸ್ಯಾಂಡ್‌ಪೇಪರ್, ಆಮೇಲೆ 180. ನಂಬರ್ ಹೆಚ್ಚಾದಷ್ಟೂ ಪೇಪರ್ ನಯ. ಪುಟ್ಟಿ ಹಾಕಿದ ಜಾಗಕ್ಕೆ ಪ್ರೈಮರ್ ಹಚ್ಚಿ, ಇಲ್ಲದಿದ್ದರೆ ಆ ಜಾಗ ಮಾತ್ರ ಬಣ್ಣ ಹೀರಿ ಮಂಕಾಗಿ ಕಾಣುತ್ತದೆ. ಅಂಚನ್ನು ಬ್ರಷ್‌ನಲ್ಲಿ ಮಾಡಿಕೊಂಡು, ಅದು ಹಸಿ ಇರುವಾಗಲೇ ರೋಲರ್ ಹಾಕಿ. ರೋಲರನ್ನು ಒತ್ತಿ ಹಿಂಡಬೇಡಿ.

ಮಾಸ್ಕಿಂಗ್ ಟೇಪ್ ಹಾಕಿದರೂ ಗೆರೆ ಚೂರು ಚೂರು ಸೋರುತ್ತದೆ ಅಂತ ಎಲ್ಲರೂ ಗೋಳಾಡುತ್ತಾರೆ. ಅದಕ್ಕೆ ಪೇಂಟರ್‌ಗಳ ಉಪಾಯ ಇದು. ಟೇಪ್ ಅಂಟಿಸಿ ಅಂಚನ್ನು ಉಗುರಿನಿಂದ ಒತ್ತಿ. ಮೊದಲು ಆ ಅಂಚಿನ ಮೇಲೆ ಹಳೆ ಬಣ್ಣವನ್ನೇ, ಅಂದರೆ ಟೇಪ್ ಕೆಳಗಿರುವ ಬಣ್ಣವನ್ನೇ, ಒಂದು ತೆಳು ಗೆರೆ ಎಳೆಯಿರಿ. ಸೋರುವುದೇನಿದ್ದರೂ ಆ ಬಣ್ಣ ಸೋರಿ ಸಂದು ಮುಚ್ಚುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಅದು ಆರಿದ ಮೇಲೆ ಹೊಸ ಬಣ್ಣ. ಕೊನೆಯ ಕೋಟ್ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಟೇಪನ್ನು ಓರೆಯಾಗಿ, ತನ್ನ ಮೇಲೇ ಮಡಚಿಕೊಳ್ಳುವ ಹಾಗೆ, ನಿಧಾನ ಎಳೆಯಿರಿ. ಪೂರ್ತಿ ಆರಿದ್ದರೆ ಮೊದಲು ಬ್ಲೇಡಿನ ತುದಿಯಿಂದ ಅಂಚು ಕೊಯ್ದು ಆಮೇಲೆ ಎಳೆಯಿರಿ, ಇಲ್ಲದಿದ್ದರೆ ಹೊಸ ಬಣ್ಣವೂ ಸಿಪ್ಪೆ ಎದ್ದು ಬರುತ್ತದೆ.

ಎರಡು ಕೋಟ್ ನಡುವೆ ರೋಲರ್ ತೊಳೆಯುವ ಗೋಜು ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಸಂಜೆವರೆಗೂ ಆರುವುದಿಲ್ಲ.

ಬಾಡಿಗೆದಾರ:
ನಮ್ಮ ಮಾಲೀಕರು ಬಣ್ಣಕ್ಕೂ ಒಪ್ಪಲ್ಲ, ಮೊಳೆಗೂ ಒಪ್ಪಲ್ಲ. ಇಂಥವರಿಗೆ ಒಂದು ಗೋಡೆ ಬದಲಾಯಿಸುವ ಅಗ್ಗದ ದಾರಿ ಬಟ್ಟೆ. ತೆಳು ಹತ್ತಿ ಬಟ್ಟೆಯನ್ನು ಗಂಜಿ ಹಾಕಿ ಗೋಡೆಗೆ ಅಂಟಿಸುವುದು. ನಿಜವಾಗಿ ನಿಲ್ಲುತ್ತದೆ, ಖಾಲಿ ಮಾಡುವಾಗ ಒದ್ದೆ ಮಾಡಿ ಎಳೆದರೆ ಪೂರ್ತಿ ಬಂದುಬಿಡುತ್ತದೆ, ಬಟ್ಟೆ ತೊಳೆದು ಮತ್ತೆ ಬಳಸಬಹುದು.

ಕಾರ್ನ್‌ಫ್ಲೋರನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಕುದಿಯುವ ನೀರಿಗೆ ಸುರಿದು ತಿರುವುತ್ತಾ ಇರಿ, ಗಂಜಿ ಹದ ಬಂದಾಗ ಇಳಿಸಿ. ಬಟ್ಟೆ ಮೊದಲೇ ತೊಳೆದು ಇಸ್ತ್ರಿ ಮಾಡಿರಬೇಕು. ರೋಲರಿನಿಂದ ಗೋಡೆಗೆ ಗಂಜಿ ಹಚ್ಚಿ, ಮೇಲಿನಿಂದ ಬಟ್ಟೆ ಒತ್ತುತ್ತಾ ಬನ್ನಿ, ಮತ್ತೆ ಬಟ್ಟೆಯ ಮೇಲೂ ಗಂಜಿ ಹಚ್ಚಿ ಅಂಗೈಯಿಂದ ಗಾಳಿಗುಳ್ಳೆ ಹೊರಗೆ ತಳ್ಳಿ. ಅಂಚನ್ನು ಆರಿದ ಮೇಲೆ ಬ್ಲೇಡಿನಲ್ಲಿ ಕೊಯ್ಯಿರಿ, ಹಸಿ ಇರುವಾಗ ಕೊಯ್ದರೆ ಎಳೆ ಎಳೆ ಬರುತ್ತದೆ. ಬಣ್ಣ ಬಿಡುವ ಬಟ್ಟೆ ಬೇಡ. ಬಿಳಿ ಕರವಸ್ತ್ರ ಒದ್ದೆ ಮಾಡಿ ಉಜ್ಜಿ ನೋಡಿದರೆ ಗೊತ್ತಾಗುತ್ತದೆ.

ಬಣ್ಣದಡಬ್ಬಿ:
ತೇವದ ಗೋಡೆಗೆ ಮಾತ್ರ ಇದನ್ನು ಮಾಡಲೇಬೇಡಿ. ಗಂಜಿ ಅಂದರೆ ಬೂಸ್ಟಿಗೆ ಊಟ ಬಡಿಸಿದ ಹಾಗೆ. ಒಣಗಿದ ಗೋಡೆ, ಗಾಳಿಯಾಡುವ ಕೋಣೆಯಾದರೆ ನನ್ನದೂ ಒಪ್ಪಿಗೆ.

ತಂತಿಮಿಂಚು:
ಎಲ್ಲರೂ ಗೋಡೆಗೇ ಅಂಟಿಕೊಂಡಿದ್ದೀರಿ. ನನ್ನ ಕೇಳಿದರೆ ಮೊದಲು ಬೆಳಕು. ಸೀಲಿಂಗ್ ನಡುವಿನ ಒಂದೇ ಬಿಳಿ ಲೈಟ್ ಎಂಥ ಹಾಲನ್ನಾದರೂ ಕಾಯುವ ಕೋಣೆ ಮಾಡಿಬಿಡುತ್ತದೆ. ಗೋಡೆಗೆ ಬಣ್ಣ ಬಳಿದ ಮೇಲೂ ಅದೇ ಲೈಟ್ ಇದ್ದರೆ ಬಳಿದದ್ದು ದಂಡ.

ಬಲ್ಬ್ ಡಬ್ಬಿಯ ಮೇಲೆ ಕೆಲ್ವಿನ್ ಅಂಕಿ ಇರುತ್ತದೆ. 2700 ರಿಂದ 3000 ಅಂದರೆ ಹಳದಿ ಬೆಳಕು, 4000 ನಡುವಿನದು, 6500 ನೀಲಿ ಛಾಯೆಯ ಬಿಳಿ. ಕೂರುವ ಕೋಣೆಗೆ 2700 ಅಥವಾ 3000 ತನ್ನಿ, ಒಂದೇ ಕೋಣೆಯಲ್ಲಿ ಎರಡು ಥರ ಬೆರೆಸಬೇಡಿ. ಇನ್ನೊಂದು ಅಂಕಿ ಸಿಆರ್‌ಐ. ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅಂತ ಅದು ಹೇಳುತ್ತದೆ, ಗರಿಷ್ಠ 100. 80 ಸಾಮಾನ್ಯ, 90 ಸಿಕ್ಕಿದರೆ ಬಿಡಬೇಡಿ. ಸೋಫಾ ಬಟ್ಟೆಯ ಕೆಂಪು ಮಂಕಾಗಿದೆ ಅಂತ ಬೇಜಾರಾಗಿದ್ದರೆ ಅದು ಬಲ್ಬಿನ ತಪ್ಪೂ ಇರಬಹುದು.

ವೈರಿಂಗ್ ಮುಟ್ಟದೆ ಮಾಡುವುದು ಹೇಗೆ ಅಂದರೆ, ಪ್ಲಗ್‌ಗೆ ಚುಚ್ಚುವ ಲ್ಯಾಂಪ್ ಎರಡೋ ಮೂರೋ, ಬೇರೆ ಬೇರೆ ಎತ್ತರದಲ್ಲಿ, ಕೂತಾಗ ಬಲ್ಬ್ ನೇರ ಕಣ್ಣಿಗೆ ಹೊಡೆಯದ ಹಾಗೆ. ಒಂದು ಸೋಫಾ ಪಕ್ಕ, ಒಂದು ಕಪಾಟಿನ ಮೇಲೆ, ಸಾಧ್ಯವಾದರೆ ಒಂದು ಮೂಲೆಯ ನೆಲದಲ್ಲಿ ಗೋಡೆಗೆ ಮುಖ ಮಾಡಿ. ಶೇಡ್ ಮನೆಯಲ್ಲೇ ಮಾಡಬಹುದು, ಹಳೆ ಶೇಡಿನ ತಂತಿ ಚೌಕಟ್ಟಿಗೆ ಹತ್ತಿ ಬಟ್ಟೆ ಸುತ್ತಿ ಹೊಲಿದರೆ ಸಾಕು. ಕಾಗದ, ಬಟ್ಟೆಯ ಶೇಡ್ ಆದರೆ ಎಲ್‌ಇಡಿ ಬಲ್ಬ್ ಮಾತ್ರ ಹಾಕಿ, ಹೋಲ್ಡರ್ ಮೇಲೆ ಬರೆದ ವ್ಯಾಟ್ ದಾಟಬೇಡಿ. ಎಕ್ಸ್‌ಟೆನ್ಷನ್ ವೈರನ್ನು ಕಾರ್ಪೆಟ್ ಕೆಳಗೆ ಹಾಯಿಸಬೇಡಿ, ತುಳಿದು ತುಳಿದು ಒಳಗೆ ಸವೆಯುತ್ತದೆ, ಬಿಸಿಯಾದರೆ ಗೊತ್ತೂ ಆಗುವುದಿಲ್ಲ.

ಕಡ್ಡಿಮುರಿ:
ಇದಕ್ಕೆ ನನ್ನ ಪೂರ್ತಿ ಮತ. ಬಲ್ಬ್ ಬದಲಾಯಿಸಲು ಒಂದು ಸ್ಟೂಲ್ ಸಾಕು. ಪ್ರಾರಂಭ ಅಲ್ಲಿಂದಲೇ ಮಾಡಿ.

ಸೂಜಿದಾರ:
ಪರದೆಯ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ಹೆಚ್ಚಿನವರು ಕಿಟಕಿಯ ಅಳತೆಗೆ ಸರಿಯಾಗಿ ಪರದೆ ಹೊಲಿಸಿ, ಕಿಟಕಿಯ ತಲೆಗೇ ರಾಡ್ ಹಾಕುತ್ತಾರೆ. ಕಿಟಕಿ ಇನ್ನೂ ಚಿಕ್ಕದಾಗಿ ಕಾಣುತ್ತದೆ, ಬೆಳಕೂ ತಡೆಯುತ್ತದೆ. ರಾಡನ್ನು ಕಿಟಕಿಯ ಚೌಕಟ್ಟಿಗಿಂತ 10 ರಿಂದ 15 ಸೆಂಟಿಮೀಟರ್ ಮೇಲೆ ಹಾಕಿ, ಎರಡೂ ಪಕ್ಕಕ್ಕೆ 20 ಸೆಂಟಿಮೀಟರ್ ಹೊರಗೆ ಬರಲಿ. ಪರದೆ ಸರಿಸಿದಾಗ ಅದು ಗೋಡೆಯ ಮುಂದೆ ನಿಲ್ಲುತ್ತದೆ, ಗಾಜು ಪೂರ್ತಿ ತೆರೆದಿರುತ್ತದೆ. ಒಂದೇ ಕಿಟಕಿ ಇರುವ ನಿಮಗೆ ಇದು ಬಹಳ ಮುಖ್ಯ.

ಬಟ್ಟೆಯ ಅಗಲ ರಾಡಿನ ಎರಡರಷ್ಟು ಬೇಕು. ಕಿಟಕಿ 120 ಸೆಂಟಿಮೀಟರ್ ಇದ್ದರೆ ರಾಡ್ 160, ಬಟ್ಟೆ 320. ಇದರಲ್ಲಿ ಜಿಪುಣತನ ಮಾಡಿದರೆ ನೆರಿಗೆ ಬೀಳುವುದಿಲ್ಲ, ಪರದೆ ಒಣಗಲು ಹಾಕಿದ ಟವಲ್ ಆಗುತ್ತದೆ. ದುಬಾರಿ ಬಟ್ಟೆ ಕಡಿಮೆ ತರುವ ಬದಲು ಸಾದಾ ಬಟ್ಟೆ ಧಾರಾಳವಾಗಿ ತನ್ನಿ. ಉದ್ದ ನೆಲಕ್ಕೆ ಒಂದು ಸೆಂಟಿಮೀಟರ್ ಮೇಲಿರಲಿ. ಕತ್ತರಿಸುವಾಗ ಮೇಲೆ 10, ಕೆಳಗೆ 15 ಸೆಂಟಿಮೀಟರ್ ಮಡಿಕೆಗೆ ಸೇರಿಸಿ. ಕೆಳಮಡಿಕೆ ಅಗಲವಿದ್ದರೆ ಭಾರಕ್ಕೆ ಪರದೆ ನೇರ ಇಳಿಯುತ್ತದೆ.

ಹತ್ತಿಯಾದರೆ ಕತ್ತರಿಸುವ ಮೊದಲೇ ತೊಳೆದು ಒಣಗಿಸಬೇಕು, ಯಾಕೆಂದರೆ ಮೊದಲ ಒಗೆತಕ್ಕೆ ಎಳೆದುಕೊಳ್ಳುತ್ತದೆ. ಹೊಲಿಗೆ ಮಷೀನ್ ಇಲ್ಲವಾ? ಹಳೆ ಡಬಲ್ ಬೆಡ್‌ಶೀಟ್ ತೆಗೆದುಕೊಳ್ಳಿ, ಅದರ ಅಂಚು ಮೊದಲೇ ಹೊಲಿದಿರುತ್ತದೆ, ಕ್ಲಿಪ್ ಇರುವ ರಿಂಗ್ ಹಾಕಿ ನೇತುಹಾಕಿದರೆ ಮುಗಿಯಿತು.

ಮತ್ತೆ ಕಡ್ಡಿಮುರಿಯವರೇ, ಬಾಟಲಿ ಮೇಲೆ ನಿಮಗೇಕೆ ಅಷ್ಟು ಸಿಟ್ಟು? ಕೈಕೆಲಸ ಮಾಡುವವರಿಗೆ ಮಾಡುವುದೇ ಖುಷಿ.

ಕಡ್ಡಿಮುರಿ:
ಖುಷಿಗೆ ಮಾಡಿ, ಬೇಡ ಅಂದವರ್ಯಾರು. ಹಾಲ್ ಬದಲಾಗುತ್ತದಾ ಅಂತ ಅವರು ಕೇಳಿದರು, ಇಲ್ಲ ಅಂದೆ.

ಸೂಜಿದಾರ:
ಒಂದೊಂದನ್ನು ಒಂದೊಂದು ಕಡೆ ಇಟ್ಟರೆ ಇಲ್ಲ, ಒಪ್ಪುತ್ತೇನೆ. ಅದೇ ಬೇರೆ ಬೇರೆ ಎತ್ತರದ ಮೂರು ಗಾಜಿನ ಬಾಟಲಿ ಒಂದು ಟ್ರೇಯಲ್ಲಿ ಒಟ್ಟಿಗೆ ಇಟ್ಟು, ಪಕ್ಕ ಎರಡು ಪುಸ್ತಕ ಅಡ್ಡ ಮಲಗಿಸಿ ನೋಡಿ, ಅದು ಒಂದೇ ವಸ್ತುವಾಗಿ ಕಾಣುತ್ತದೆ. ಹಗ್ಗ ಬೇಡ ಅನ್ನಿ, ಬರೀ ಗಾಜೇ ಚೆಂದ. ಲೇಬಲ್ ಅಂಟು ಬಿಡದಿದ್ದರೆ ಅಡುಗೆ ಎಣ್ಣೆಗೆ ಅಡಿಗೆ ಸೋಡಾ ಕಲಸಿ ಬಳಿದು, ಅರ್ಧ ಗಂಟೆ ಬಿಟ್ಟು ಉಜ್ಜಿ. ಅದರಲ್ಲಿ ನೀರು ತುಂಬಿ ಮನಿಪ್ಲಾಂಟ್ ಬಳ್ಳಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ ಇಟ್ಟರೆ ಕೆಲವೇ ವಾರದಲ್ಲಿ ಬೇರು ಬಿಡುತ್ತದೆ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಎಟುಕದ ಕಡೆ ಇಡಿ, ಆ ಎಲೆ ಅಗಿದರೆ ಬಾಯಿ ಉರಿದು ವಾಂತಿ ಮಾಡುತ್ತವೆ.

ಖಾಲಿಗೋಡೆ:
ಬಲ್ಬ್ ಬದಲಾಯಿಸಿದೆ, ಸೋಫಾ ಅಡ್ಡ ತಿರುಗಿಸಿದೆ. ಬಲ್ಬ್ ಬಿಟ್ಟು ಇನ್ನೇನೂ ಕೊಳ್ಳದೇ ಹಾಲ್ ಬೇರೆಯೇ ಅನ್ನಿಸುತ್ತಿದೆ. ಹಾಳೆಯ ಹಿಂಬದಿ ಒದ್ದೆಯಿತ್ತು, ಮಾಲೀಕರಿಗೆ ಹೇಳಿದ್ದೇನೆ. ಈಗ ಮೇಜು, ಕಪಾಟು. ಮೇಜಿನ ಮೇಲೆ ಯಾರೋ ಯಾವ ಕಾಲದಲ್ಲೋ ಬಳಿದ ಹಸಿರು ಆಯಿಲ್ ಪೇಂಟ್ ಇದೆ, ಚಕ್ಕೆ ಏಳುತ್ತಿದೆ. ಉಜ್ಜಿ ತೆಗೆದು ಮರದ ಬಣ್ಣ ಕಾಣಿಸಬೇಕು ಅಂತ ಆಸೆ.

ಹಳೇಮೇಜು:
ತಡೆಯಿರಿ, ಸ್ಯಾಂಡ್‌ಪೇಪರ್ ಹಿಡಿಯಬೇಡಿ. ತುಂಬಾ ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಒಣ ಉಜ್ಜಿದರೆ ಆ ಧೂಳು ಮನೆ ತುಂಬಾ ಹರಡುತ್ತದೆ. ಸೀಸಕ್ಕೆ ಇಷ್ಟರವರೆಗೆ ಅಪಾಯವಿಲ್ಲ ಅನ್ನುವ ಮಿತಿಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳಿಗಂತೂ ಮಿದುಳಿನ ಬೆಳವಣಿಗೆಗೇ ಪೆಟ್ಟು. ಹೀಟ್‌ಗನ್ನಿನಿಂದ ಸುಡುವುದೂ ಬೇಡ. ಒಂದೋ ಬಣ್ಣದ ಚಕ್ಕೆ ಪರೀಕ್ಷೆಗೆ ಕೊಡಿ. ಇಲ್ಲ, ಏಳುತ್ತಿರುವ ಚಕ್ಕೆಯನ್ನಷ್ಟೇ ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು ಕೆರೆದು, ಕೆಳಗೆ ಪ್ಲಾಸ್ಟಿಕ್ ಹಾಸಿ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಕಟ್ಟಿ ಬಿಸಾಕಿ, ಅದರ ಮೇಲೆ ಪ್ರೈಮರ್ ಹೊಡೆದು ಹೊಸ ಬಣ್ಣ ಬಳಿದು ಮುಚ್ಚಿಬಿಡಿ. ಬರೀ ಮರ ಕಾಣಿಸುವ ಆಸೆ ಈ ಮೇಜಿನ ಮಟ್ಟಿಗೆ ಬಿಡಿ ಅಂತ ನನ್ನ ಸಲಹೆ.

ಬರೀ ವಾರ್ನಿಷ್ ಇರುವ ಮರವಾದರೆ ಕಥೆ ಬೇರೆ. ಸೋಪುನೀರಿನಲ್ಲಿ ಒರೆಸಿ, ಮರದ ಎಳೆ ಹೋದ ದಿಕ್ಕಿನಲ್ಲೇ 120, ಆಮೇಲೆ 220 ಹಾಕಿ ಉಜ್ಜಿ, ಎಣ್ಣೆ ಕೊಡಬಹುದು. ಎಣ್ಣೆ ವಿಷಯ ಬಂದಿದ್ದಕ್ಕೆ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಡಬ್ಬಿಗೆ ಹಾಕಬೇಡಿ. ಆ ಎಣ್ಣೆ ಗಾಳಿ ಹೀರಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ, ಕಡ್ಡಿ ಗೀರದೆ ತಾನೇ ಹೊತ್ತಿಕೊಳ್ಳುತ್ತದೆ. ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ, ಗರಿಗರಿ ಆದ ಮೇಲೆ ಬಿಸಾಕಿ.

ಕಪಾಟಿಗೆ ಪೂರ್ತಿ ಬಣ್ಣ ಬೇಕಾ? ಲ್ಯಾಮಿನೇಟ್ ನುಣುಪು, ಬಣ್ಣ ಹಿಡಿಯುವುದಿಲ್ಲ. 220 ಪೇಪರಿನಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ನುಣುಪು ಮೇಲ್ಮೈಗೆಂದೇ ಬರುವ ಪ್ರೈಮರ್ ಹಚ್ಚಿ, ತೆಳುವಾಗಿ ಎರಡು ಕೋಟ್ ಕೊಡಬೇಕು. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ಎರಡು ಮೂರು ವಾರ ಹಿಡಿಯುತ್ತದೆ, ಅದಕ್ಕೆ ಮೊದಲು ಪುಸ್ತಕ ಜೋಡಿಸಿದರೆ ಅಂಟಿಕೊಳ್ಳುತ್ತವೆ. ಇಷ್ಟು ತಾಪತ್ರಯ ಬೇಡ ಅಂದರೆ ಕಪಾಟಿನ ಹಿಂಬದಿಯ ಹಲಗೆ ಮಾತ್ರ ಬದಲಾಯಿಸಿ. ಪ್ರತಿ ಖಾನೆಯ ಅಳತೆಗೆ ರಟ್ಟು ಕತ್ತರಿಸಿ, ಬಟ್ಟೆಯನ್ನೋ ಬಣ್ಣದ ಕಾಗದವನ್ನೋ ಸುತ್ತಿ ಅಂಟಿಸಿ, ಹಿಂದಕ್ಕೆ ಒತ್ತಿ ನಿಲ್ಲಿಸಿ. ಕಪಾಟಿಗೆ ಅಂಟೂ ಬೇಡ, ಮೊಳೆಯೂ ಬೇಡ. ಪುಸ್ತಕಗಳ ನಡುವೆ ಅಲ್ಲಲ್ಲಿ ಬಣ್ಣ ಇಣುಕುತ್ತದೆ, ಪೂರ್ತಿ ಬಳಿದದ್ದಕ್ಕಿಂತ ಅದೇ ನನಗೆ ಇಷ್ಟ.

ಕಪಾಟಿನ ಬಾಗಿಲ ಹಿಡಿ ಬದಲಾಯಿಸುವುದಾದರೆ ಎರಡು ಸ್ಕ್ರೂ ತೂತುಗಳ ನಡುವಿಂದ ನಡುವಿಗೆ ಅಳೆಯಿರಿ. 96 ಅಥವಾ 128 ಮಿಲಿಮೀಟರ್ ಹೆಚ್ಚು ಸಿಗುವ ಅಳತೆ. ಅದೇ ಅಳತೆಯದು ತಂದರೆ ಹೊಸ ತೂತು ಕೊರೆಯುವ ಕೆಲಸ ಉಳಿಯುತ್ತದೆ.

ಬಾಡಿಗೆದಾರ:
ಸಾಮಾನು ಸಾಗಿಸುವ ಮರದ ಪ್ಯಾಲೆಟ್ ಪುಕ್ಕಟೆ ಸಿಕ್ಕಿದರೆ ಅದರಲ್ಲಿ ಟೀಪಾಯಿ ಮಾಡಬಹುದಾ?

ಹಳೇಮೇಜು:
ಮಾಡಬಹುದು, ಆದರೆ ಮುದ್ರೆ ನೋಡಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಒತ್ತಿರುತ್ತಾರೆ, ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರ. ಎಚ್‌ಟಿ ಅಂದರೆ ಬಿಸಿ ಕೊಟ್ಟು ಹುಳ ಕೊಂದದ್ದು, ಮರದ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇದ್ದಿರಬೇಕು ಅನ್ನುವುದು ನಿಯಮ. ಅದು ಒಳ್ಳೆಯದು. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಕಿದ್ದು, ಮನೆಯೊಳಗೆ ಬೇಡ. ಎಣ್ಣೆಯೋ ರಾಸಾಯನಿಕವೋ ಚೆಲ್ಲಿದ ಕಲೆ ಇದ್ದರೂ ಬೇಡ. ಮುದ್ರೆಯೇ ಇಲ್ಲದಿದ್ದರೆ ಅದು ಎಲ್ಲಿಂದ ಬಂತು, ಏನು ಹೊತ್ತಿತ್ತು ಅಂತ ಕೇಳಿ.

ಖಾಲಿಗೋಡೆ:
ಇನ್ನೊಂದು ಪ್ರಶ್ನೆ. ಸೋಫಾ ಮೊದಲಿದ್ದ ಕಡೆಯ ಗೋಡೆ ಬೋಳು. ಚಿತ್ರ ಹಾಕಬೇಕು. ಕೊಳ್ಳುವ ಶಕ್ತಿ ಇಲ್ಲ, ನನಗೆ ಬಿಡಿಸಲೂ ಬರಲ್ಲ.

ಸೂಜಿದಾರ:
ಕೊಳ್ಳುವುದೇಕೆ? ದೊಡ್ಡ ದೊಡ್ಡ ಮ್ಯೂಸಿಯಂಗಳೇ ತಮ್ಮ ಹಳೆ ಚಿತ್ರಗಳನ್ನು ಪುಕ್ಕಟೆ ಕೊಡುತ್ತಿವೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ 2017 ರಲ್ಲಿ ಹಕ್ಕುಸ್ವಾಮ್ಯ ಮುಗಿದ ಲಕ್ಷಾಂತರ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿತು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಕೂಡ ಹೀಗೇ ಕೊಡುತ್ತದೆ. ಗಿಡ, ಹಕ್ಕಿಗಳ ಹಳೆ ಚಿತ್ರ, ಜಪಾನಿನ ಮರದಚ್ಚಿನ ಚಿತ್ರ, ಎಲ್ಲಾ ಸಿಗುತ್ತವೆ. ಇಳಿಸುವಾಗ ಅಳತೆ ನೋಡಿಕೊಳ್ಳಿ. ಎ3 ಹಾಳೆಯಲ್ಲಿ ಗರಿಗರಿಯಾಗಿ ಬರಲು ಸುಮಾರು 3500 ಕ್ಕೆ 5000 ಪಿಕ್ಸೆಲ್ ಬೇಕು. ದೂರದಿಂದ ನೋಡುವ ಚಿತ್ರಕ್ಕೆ ಅದರ ಅರ್ಧವಿದ್ದರೂ ನಡೆಯುತ್ತದೆ. ಹೊಳೆಯದ ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಚಿತ್ರದ ಸುತ್ತ ಅಗಲವಾಗಿ ಬಿಳಿ ರಟ್ಟು ಬಿಟ್ಟು ದೊಡ್ಡ ಫ್ರೇಮಿನಲ್ಲಿ ಹಾಕಿದರೆ ಚಿಕ್ಕ ಚಿತ್ರಕ್ಕೂ ತೂಕ ಬರುತ್ತದೆ.

ಕಡ್ಡಿಮುರಿ:
ಮತ್ತೆ ದಯವಿಟ್ಟು ಸೀಲಿಂಗ್ ಹತ್ತಿರ ನೇತುಹಾಕಬೇಡಿ! ಚಿತ್ರದ ನಡುಭಾಗ ನೆಲದಿಂದ 145 ರಿಂದ 150 ಸೆಂಟಿಮೀಟರ್ ಎತ್ತರದಲ್ಲಿರಲಿ, ನಿಂತವರ ಕಣ್ಣಿನ ಮಟ್ಟ ಅದು. ಸೋಫಾ ಮೇಲಾದರೆ ಫ್ರೇಮಿನ ಕೆಳಅಂಚು ಸೋಫಾ ಬೆನ್ನಿಗಿಂತ ಒಂದು ಗೇಣು ಮೇಲೆ ಸಾಕು. ಎಲ್ಲಾ ಫ್ರೇಮ್ ಸೇರಿ ಸೋಫಾದ ಮೂರನೇ ಎರಡು ಭಾಗ ಅಗಲ ಬರಲಿ. ಫ್ರೇಮಿನ ಅಳತೆಗೆ ಹಳೆ ನ್ಯೂಸ್‌ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಓಡಾಡುತ್ತಾ ನೋಡಿ, ಸರಿ ಅನ್ನಿಸಿದ ಮೇಲೆ ಆ ಪೇಪರಿನ ಮೇಲೇ ಮೊಳೆ ಹೊಡೆದು ಪೇಪರ್ ಹರಿದು ಹಾಕಿ.

ತಂತಿಮಿಂಚು:
ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಅದರ ಸಾಲಿನ ಅಕ್ಕಪಕ್ಕ ಡ್ರಿಲ್ ಬೇಡ. ವೈರ್ ಸಾಮಾನ್ಯವಾಗಿ ಅಲ್ಲೇ ಹೋಗಿರುತ್ತದೆ. ಕೊರೆಯುವ ಜಾಗದ ಕೆಳಗೆ ಅಂಟುಚೀಟಿಯೊಂದನ್ನು ತೊಟ್ಟಿಲ ಹಾಗೆ ಮಡಚಿ ಅಂಟಿಸಿದರೆ ಧೂಳೆಲ್ಲಾ ಅದರಲ್ಲೇ ಬೀಳುತ್ತದೆ, ನೆಲ ಒರೆಸುವುದು ತಪ್ಪುತ್ತದೆ.

ಬಾಡಿಗೆದಾರ:
ಡ್ರಿಲ್ ಇಲ್ಲದವರಿಗೆ ಅಂಟಿಸುವ ಹುಕ್. ಅದು ಬೀಳುತ್ತದೆ ಅನ್ನುವವರು ಹೆಚ್ಚಿನವರು ಗೋಡೆ ಒರೆಸಿರುವುದಿಲ್ಲ. ಸ್ಪಿರಿಟ್ ಹಾಕಿದ ಬಟ್ಟೆಯಿಂದ ಜಾಗ ಒರೆಸಿ, ಆರಿದ ಮೇಲೆ ಹುಕ್ ಒತ್ತಿ ಅರ್ಧ ನಿಮಿಷ ಹಿಡಿದುಕೊಳ್ಳಿ, ಒಂದು ಗಂಟೆ ಬಿಟ್ಟು ಭಾರ ಹಾಕಿ. ತರಿ ಗೋಡೆಗೆ, ಸುಣ್ಣದ ಗೋಡೆಗೆ ಇದು ನಿಲ್ಲುವುದೇ ಇಲ್ಲ. ಕನ್ನಡಿಯನ್ನು ಇದಕ್ಕೆ ನೇತುಹಾಕಬೇಡಿ, ಕನ್ನಡಿಗೆ ಸ್ಕ್ರೂ ಬೇಕೇ ಬೇಕು, ಇಲ್ಲದಿದ್ದರೆ ನೆಲದಲ್ಲಿ ಗೋಡೆಗೆ ಒರಗಿಸಿ, ಜಾರದ ಹಾಗೆ ಕೆಳಗೆ ರಬ್ಬರ್ ಇಟ್ಟು, ಮೇಲ್ಭಾಗವನ್ನು ಗೋಡೆಗೆ ಕಟ್ಟಿ.

ಖಾಲಿಗೋಡೆ:
ತುದಿಯ ಗೋಡೆಗೆ ಬಣ್ಣ ಹೊಡೆದ ತಕ್ಷಣ ಅಂಟು ಹುಕ್ ಹಾಕಬಹುದಾ? ಮತ್ತೆ ಉಳಿದ ಬಣ್ಣ ಏನು ಮಾಡಲಿ?

ಬಣ್ಣದಡಬ್ಬಿ:
ತಕ್ಷಣ ಬೇಡ, ಕಡಿಮೆಯೆಂದರೆ ಒಂದು ವಾರ ಬಿಡಿ. ಅಂಟಿಸುವ ವಾಲ್‌ಪೇಪರ್ ಆದರೆ ಎರಡರಿಂದ ನಾಲ್ಕು ವಾರ. ಬೇಗ ಅಂಟಿಸಿದರೆ ತೆಗೆಯುವಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ.

ಉಳಿದದ್ದನ್ನು ದೊಡ್ಡ ಡಬ್ಬಿಯಲ್ಲೇ ಬಿಡಬೇಡಿ, ಒಳಗಿನ ಗಾಳಿಗೆ ಮೇಲೆ ಕೆನೆ ಕಟ್ಟುತ್ತದೆ. ಚಿಕ್ಕ ಗಾಜಿನ ಜಾಡಿಗೆ ಕಂಠದವರೆಗೆ ತುಂಬಿ ಮುಚ್ಚಳ ಬಿಗಿ ಮಾಡಿ. ಮೇಲೆ ಬಣ್ಣದ ಹೆಸರು, ಕೋಡ್ ನಂಬರ್, ತಂದ ತಿಂಗಳು ಬರೆದಿಡಿ. ಮಕ್ಕಳ ಕೈಗೆ ಸಿಗದ, ಬಿಸಿಲು ಬೀಳದ ಜಾಗ ಇರಲಿ. ಸೋಫಾ ತಾಗಿ ಗೀರು ಬಿದ್ದಾಗ ಚಿಕ್ಕ ಬ್ರಷ್‌ನಲ್ಲಿ ಅಲ್ಲಿಗೆ ಮಾತ್ರ ಹಚ್ಚಬಹುದು. ಇನ್ನೂ ಮಿಕ್ಕಿದರೆ ಆ ಹಸಿರು ಮೇಜಿಗೆ ಪ್ರೈಮರ್ ಹೊಡೆದ ಮೇಲೆ ಇದನ್ನೇ ಬಳಿಯಿರಿ, ಮೇಲೆ ನೀರಿನ ವಾರ್ನಿಷ್ ಒಂದೆರಡು ಕೋಟ್ ಕೊಡಿ, ಗೋಡೆಯ ಎಮಲ್ಷನ್ ಒಂದೇ ಇದ್ದರೆ ಮೇಜಿನ ಉಜ್ಜಾಟ ತಡೆಯುವುದಿಲ್ಲ.